ಕಡಲಿಗೆ ಮರಳು, ಹೊಲಕ್ಕೆ ಗೋಡು

ಗೆಳೆಯರೇ, ಬೆಳಿಗ್ಗೆ ಹಾಕಿದ್ದ ವಿಡಿಯೋ ಅಳಿಸಿದ್ದೇನೆ. ನಕ್ಕವರು ಕ್ಷಮಿಸಿ.

ಅದರಲ್ಲಿ, ಯಾವುದೋ ದೇಶದಲ್ಲಿ ಅಲೆಗಳು ಕೊರೆದುಹಾಕಿದ ಕಡಲತೀರಕ್ಕೆ ಸಮುದ್ರದ ತಳದಿಂದಲೇ ಮರಳೆತ್ತಿ ಸುರಿಯುತ್ತಿದ್ದರು. 'ಅಲೆ ಮತ್ತೆ ಒಯ್ಯುತ್ತದೆ, ಇವರು ಮತ್ತೆ ಸುರಿಯುತ್ತಾರೆ. ಎಂಥ ಬುದ್ಧಿವಂತರು!' ಎಂದು ಬರೆದಿದ್ದೆ.

ಆಮೇಲೆ ಬೇಗೂರಿನ ಹತ್ತಿರ ನಮ್ಮ ಹೊಲಕ್ಕೆ ಹೋದೆ. ಅಪ್ಪನ ಕಾಲದಿಂದ ಅಲ್ಲಿ ದುಡಿಯುತ್ತಿರುವ ಮಾದಮ್ಮ ಕೆರೆಯಿಂದ ತಂದ ಗೋಡುಮಣ್ಣು ಹರಡುತ್ತಿದ್ದಳು. ಅವಳಿಗೂ ವಿಡಿಯೋ ತೋರಿಸಿ ನಕ್ಕೆ. ಅವಳು ನಗಲಿಲ್ಲ.

"ಇದ್ರಲ್ಲಿ ನಗೋದೇನದೆ ಮೇಷ್ಟ್ರೆ? ಓದ್ವರ್ಷ ಆಕಿದ್ ಗೋಡು ಮಳೆಗೆ ಕೊಚ್ಕಂಡೋಗಿ ಕೆರೆ ಸೇರ್ಕತು. ಈಗ ಅದ್ನೇ ತಂದು ಆಕ್ತಾ ಇಲ್ವಾ ನಾವು?"

"ಅದು ಸಮುದ್ರ ಕಣಮ್ಮ. ಅಲೆ ತಡೆಯೋಕಾಗುತ್ತಾ?" ಎಂದೆ.

"ಅವ್ರೇನು ಅಲೇನ ಬಾ ಅಂತ ಕರುದ್ರಾ? ನೀವು ಟ್ರಾಕ್ಟ್ರು ಸಲೀಸಾಗಿ ತಿರುಗ್ಲಿ ಅಂತ ನಿಮ್ಮಪ್ಪಾರು ಕಟ್ಟಿದ್ ಕಲ್ಲಿನ ಬದೂನೇ ಕೀಳುಸ್ಬುಟ್ರಿ. ಬ್ಯಾಡಿ ಅಂದೆ, ಕೇಳುದ್ರಾ?"

ಮಣ್ಣಿನ ಸವಕಳಿಯ ಪಾಠ ಮಾಡಿ, ಉತ್ತರದಲ್ಲಿ 'ಬದು ಕಟ್ಟಬೇಕು' ಎಂದು ಬರೆಯದ ಮಕ್ಕಳ ಅಂಕ ಕಳೆಯುವ ಸಮಾಜ ಮೇಷ್ಟ್ರು ನಾನು. ಮೊಬೈಲ್ ಜೇಬಿಗಿಟ್ಟು ಮಣ್ಣಿನ ಮಂಕರಿಗೆ ಕೈಹಾಕಿದೆ.

"ಮಣ್ಣು ಬುಡಿ, ನಾನು ನೋಡ್ಕತೀನಿ. ಆ ಬದುವಿನ ಕಲ್ಲು ಎಲ್ಲಿ ಅವೆ ಅಂತ ಏಳಿ, ತಂದು ಜೋಡ್ಸನ," ಎಂದಳು.

ಅವಳಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ. ಆ ಕಲ್ಲುಗಳು ಗುಂಡ್ಲುಪೇಟೆಯ ನಮ್ಮ ಹೊಸ ಮನೆಯ ಕಾಂಪೌಂಡ್ ಗೋಡೆಯಲ್ಲಿವೆ. ಗೃಹಪ್ರವೇಶದ ದಿನ ಆ ಗೋಡೆಯ ಫೋಟೋ ಹಾಕಿದಾಗ 'ಹಳ್ಳಿಯ ಸೊಗಡು ಉಳಿಸಿದ್ದೀರಿ ಸರ್' ಎಂದು ನೀವೆಲ್ಲ ಹೊಗಳಿದ್ದಿರಿ.