ಸರ್ವೆ ತೋಪಿನ ಸುಲಭ ದಾರಿ

ನನಗೆ ಆಗ ಐವತ್ತೆಂಟು. ಈಗ ಎಪ್ಪತ್ತೊಂದು. ಹದಿಮೂರು ವರ್ಷದ ಹಿಂದಿನ ಮಾತು.

ಮೊನ್ನೆ ಸೊಸೆ ಅಟ್ಟ ಖಾಲಿ ಮಾಡಿ, ಬೇಡದ್ದನ್ನೆಲ್ಲ ಗುಜರಿಯವನಿಗೆ ಹಾಕಲು ಬಾಗಿಲ ಹತ್ತಿರ ಗುಡ್ಡೆ ಹಾಕಿದ್ದಳು. ಅದರ ಮೇಲೊಂದು ನೀಲಿ ಪ್ಲಾಸ್ಟಿಕ್ ಸ್ಟೂಲು. ಎತ್ತಿ ಮಗುಚಿದೆ. ಅಡಿಯ ಸಂದಿಯಿಂದ ಒಣಗಿದ ಸರ್ವೆ ಎಲೆ ಉದುರಿತು. ಎಲೆ ಅಂದರೆ ಅಗಲ ಇರುವುದಿಲ್ಲ, ದಾರದ ತುಂಡಿನ ಹಾಗೆ. ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದೆ. ಧೂಳು, ಒಣಹುಲ್ಲು, ಸ್ವಲ್ಪ ಹೊಗೆ... ಟೀಚರಮ್ಮ ನೆನಪಾದಳು. ಅಳು ಬರಲಿಲ್ಲ. ಸೊಸೆಯ ಮೇಲೆ ಸಿಟ್ಟು ಬಂತು. ಈ ಸ್ಟೂಲನ್ನು ಗುಜರಿಗೆ ಹಾಕುವುದಕ್ಕೆ ಇವಳ್ಯಾರು ಅಂತ.

ಟೀಚರಿಗೆ ಅವರು, ಬಂದರು, ಹೋದರು ಅನ್ನಬೇಕು. ಆದರೆ ನನಗಿಂತ ಚಿಕ್ಕವಳು, ನನ್ನ ಮನೆಯಲ್ಲೇ ಇದ್ದವಳು. ಅವಳು ಅಂತಲೇ ಬರೆಯುತ್ತೇನೆ.

ನಮ್ಮದು ಗರುಡಾಚಾರ್‌ಪಾಳ್ಯ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿದ್ದೆವು. ಮಹಡಿಯ ರೂಮಿನಲ್ಲಿ ಟೀಚರಮ್ಮ ಒಬ್ಬಳೇ ಇದ್ದಳು. ಹುಬ್ಬಳ್ಳಿ ಕಡೆಯವಳು. ಕೆ.ಆರ್. ಪುರದ ಒಂದು ಸ್ಕೂಲಿನಲ್ಲಿ ಡ್ರಿಲ್ ಟೀಚರು. ಮದುವೆಯಾಗಿರಲಿಲ್ಲ. ಯಾಕೆ ಅಂತ ಬೀದಿಯವರೆಲ್ಲ ಕೇಳಿದರು, ನಾನು ಕೇಳಲಿಲ್ಲ. ಕತ್ತಿನಲ್ಲಿ ಸರ ಇರಬೇಕಾದ ಕಡೆ ವಿಶಲ್ಲು ನೇತಾಡುತ್ತಿತ್ತು. ಮೆಟ್ಟಿಲು ಇಳಿಯುವಾಗಲೂ ಲೆಫ್ಟ್ ರೈಟ್ ಹಾಕಿದ ಹಾಗೆ ಸದ್ದು.

ಒಂದು ದಿನ ಸ್ಕೂಲಿನ ಮೈದಾನದಲ್ಲೇ ಬಿದ್ದಳು. ಲಕ್ವ. ಎಡಗೈ, ಎಡಗಾಲು ಮಾತು ಕೇಳುವುದನ್ನು ಬಿಟ್ಟವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಊರಿಂದ ಅವಳ ಅಣ್ಣ ಬಂದ. ಒಳ್ಳೆಯವನೇ. ಒಳ್ಳೆಯವರ ಕಾಟವೇ ಜಾಸ್ತಿ.

"ನಡೀಲಿಕ್ಕೆ ಬಾರದಾಕಿ ಒಬ್ಬಾಕಿ ಹ್ಯಾಂಗ ಇರ್ತಿ? ನಮ್ಮ ಮನ್ಯಾಗ ಒಂದ ಮೂಲ್ಯಾಗ ಕುಂತಿರು ನಡಿ. ನಿಮ್ಮ ವೈನಿ ನೋಡ್ಕೋತಾಳ" ಅಂದ.

"ಮೂಲ್ಯಾಗ ಕುಂದ್ರಾಕ ನಾ ಏನ್ ಕಸಬರಿಗಿ ಏನು?" ಅಂದಳು ಇವಳು. ಬಾಯಿ ಸೊಟ್ಟಗಾಗಿತ್ತು, ಮಾತು ನೆಟ್ಟಗೇ ಇತ್ತು.

ಕೊನೆಗೆ ಒಂದು ಮಾತಾಯಿತು. ದೀಪಾವಳಿಗೆ ಅಣ್ಣ ಮತ್ತೆ ಬರಬೇಕು. ಆಗ ಇವಳು ಸರ್ವೆ ತೋಪಿನ ದಾರಿಯನ್ನು ಒಂದು ಸುತ್ತು, ಯಾರ ಕೈಯನ್ನೂ ಹಿಡಿಯದೆ ನಡೆದು ತೋರಿಸಬೇಕು. ತೋರಿಸಿದರೆ ಇಲ್ಲೇ ಇರುತ್ತಾಳೆ. ಇಲ್ಲದಿದ್ದರೆ ಗಂಟು ಕಟ್ಟುತ್ತಾಳೆ.

ಸರ್ವೆ ತೋಪು ಕೆರೆಯ ಆಚೆ ದಿಣ್ಣೆಯ ಮೇಲಿದೆ. ಬರೀ ಬಂಜರು, ಮರಳು ಮಣ್ಣು, ಹುರುಳಿ ಚೆಲ್ಲಿದರೂ ಹುಟ್ಟುತ್ತಿರಲಿಲ್ಲ. ಅದಕ್ಕೇ ಯಾವ ಕಾಲದಲ್ಲೋ ಸರ್ವೆ ನೆಟ್ಟರು. ಗಾಳಿ ಬಂದರೆ ಆ ಮರಗಳೆಲ್ಲ ಒಟ್ಟಿಗೆ ಉಸಿರು ಬಿಟ್ಟ ಹಾಗೆ ಕೇಳಿಸುತ್ತದೆ. ಮದುವೆಯಾಗಿ ಬಂದ ವರ್ಷದಿಂದ ನಾನು ಅಲ್ಲಿ ಉದುರಿದ ಎಲೆ ಗುಡಿಸಿ ತಂದು ಹಂಡೆ ಒಲೆಗೆ ಹಾಕಿದವಳು. ಆಮೇಲೆ ಬೇಲಿ ಬಂತು, ಗೇಟು ಬಂತು, ಅಪಾರ್ಟ್‌ಮೆಂಟಿನವರು ಬಿಳಿ ಶೂ ಹಾಕಿಕೊಂಡು ಬಂದರು. ಹಕ್ಕಿ, ಮೊಲ ಎಲ್ಲ ಉಳಿಯಲಿ ಅಂತ ಕಾಡು ಕಾಪಾಡುತ್ತಿದ್ದಾರಂತೆ. ಕಾಪಾಡಲಿ, ಬೇಡ ಅನ್ನುವುದಿಲ್ಲ. ಗುಡಿಸುತ್ತಿದ್ದವರನ್ನು ಯಾಕೆ ಓಡಿಸಬೇಕಿತ್ತು?

ಗೇಟಿನ ಹತ್ತಿರ ಬೋರ್ಡು. ನಾನು ಓದಿದ್ದು ಮೂರನೇ ಕ್ಲಾಸು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಮೊದಲ ದಿನ ಟೀಚರಮ್ಮನನ್ನು ನಿಲ್ಲಿಸಿಕೊಂಡು ಓದಿದೆ. "ಸು...ಲ...ಭ... ನಡಿಗೆ ದಾರಿ."

"ಯಾರಿಗ್ರೀ ಅಕ್ಕಾರ ಸುಲಭ?" ಅಂತ ನಕ್ಕಳು.

ದಾರಿ ಸಮವಾಗಿಯೇ ಇತ್ತು. ಹಿಂದಿನ ತಿರುವಿನಲ್ಲಿ ಮಾತ್ರ ಸ್ವಲ್ಪ ಏರು. ಅಲ್ಲೊಂದು ಕಲ್ಲು ಬೆಂಚಿತ್ತು, ವಾಕಿಂಗ್ ಮಾಡುವವರ ಸಂಘದವರು ಹೇಳಿ ಕೀಳಿಸಿದ್ದರು. ಬೆಂಚಿದ್ದರೆ ಹುಡುಗ ಹುಡುಗಿ ಬಂದು ಕೂರುತ್ತಾರೆ ಅಂತ.

"ಕುಂದ್ರಲಿ ಬಿಡ್ರಿ. ಇವರಿಗೆ ಹೊಟ್ಟಿ ಉರಿ" ಅಂದಳು ಟೀಚರಮ್ಮ.

ಅವಳಿಗೆ ಬೆಂಚು ಬೇಕೇ ಬೇಕಿತ್ತು. ನೆಲಕ್ಕೆ ಕೂತರೆ ಅವಳಿಗೆ ಏಳಲು ಆಗುತ್ತಿರಲಿಲ್ಲ. ಯಾರಾದರೂ ಎತ್ತಬೇಕು. ಎತ್ತಿಸಿಕೊಂಡರೆ ಅವಳ ಲೆಕ್ಕದಲ್ಲಿ ಅದು ನಡೆದ ಹಾಗಲ್ಲ. ಅದಕ್ಕೆ ನಾನು ಮನೆಯ ನೀಲಿ ಸ್ಟೂಲನ್ನು ಕೈಯಲ್ಲಿ ಹಿಡಿದು ಅವಳ ಹಿಂದೆ ನಡೆದೆ. ಅವಳು ನಿಂತಲ್ಲಿ ಹಾಕುವುದು, ಎದ್ದ ಮೇಲೆ ಎತ್ತಿಕೊಳ್ಳುವುದು. ಗೇಟಿನ ಗಾರ್ಡು ಗೊಣಗುತ್ತಲೇ ಒಳಗೆ ಬಿಡುತ್ತಿದ್ದ. ಮಳೆಗಾಲವೆಲ್ಲ ಹೀಗೇ ಹೋಯಿತು. ಮೊದಮೊದಲು ಹೆಜ್ಜೆ ಹೆಜ್ಜೆಗೂ ಸ್ಟೂಲು ಕೇಳುತ್ತಿದ್ದವಳು, ಆಮೇಲಾಮೇಲೆ ಆ ತಿರುವಿನಲ್ಲಿ ಮಾತ್ರ ಕೂರುತ್ತಿದ್ದಳು.

ದೀಪಾವಳಿಗೆ ಅಣ್ಣ ಬಂದ. ಗೇಟಿನವರೆಗೂ ಬಂದವನಿಗೆ, "ಹಿಂದ ಬಂದು ಕೈ ಹಿಡೀಬ್ಯಾಡ, ಇಲ್ಲೇ ನಿಂದ್ರು" ಅಂದಳು. ಅವತ್ತೇ ಗ್ರಹಚಾರಕ್ಕೆ ಸಂಘದ ದೊಡ್ಡ ಮನುಷ್ಯ ಒಬ್ಬ ಗೇಟಿನಲ್ಲಿ ನಿಂತಿದ್ದ.

"ಏನ್ರೀ ಇದು? ಇವತ್ತು ಸ್ಟೂಲು ತರ್ತಾರೆ, ನಾಳೆ ಮಂಚ ತರ್ತಾರೆ" ಅಂತ ಗಾರ್ಡಿಗೆ ಬೈದ.

ಗಾರ್ಡು ನನ್ನ ಕೈಯಿಂದ ಸ್ಟೂಲು ಕಿತ್ತುಕೊಂಡ. ನಾನು ಬಾಯಿ ಮಾಡಲು ಸೆರಗು ಸಿಕ್ಕಿಸಿದೆ. ಅಷ್ಟರಲ್ಲಿ ಟೀಚರಮ್ಮ ವಿಶಲ್ಲು ಊದಿ ಹೊರಟೇ ಬಿಟ್ಟಿದ್ದಳು. ಬರಿಗೈಯಲ್ಲೇ ಅವಳ ಹಿಂದೆ ಹೋದೆ.

ಏರಿನವರೆಗೆ ಚೆನ್ನಾಗಿಯೇ ಬಂದಳು. ತಿರುವಿಗೆ ಬಂದಾಗ ಎಡಗಾಲು ನಡುಗತೊಡಗಿತು. ಮರವೊಂದಕ್ಕೆ ಒರಗಿದಳು. ಮುಖದ ತುಂಬ ಬೆವರು. "ಆಗಂಗಿಲ್ರೀ ಅಕ್ಕಾರ" ಅಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ...

ನಾನು ಜಾಸ್ತಿ ಯೋಚನೆ ಮಾಡಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ, ಮಂಡಿ, ಅಂಗೈ ಎರಡೂ ನೆಲಕ್ಕೆ ಊರಿ ಹಸುವಿನ ಹಾಗೆ ಬಗ್ಗಿದೆ.

"ಕೂತ್ಕೋ."

"ಅಯ್ಯ, ನಿಮ್ಮ ಮ್ಯಾಲೆ ಹ್ಯಾಂಗ ಕುಂದ್ರಲ್ರೀ?"

"ಸೌದೆ ಹೊರೆ ಹೊತ್ತಿರೋ ಬೆನ್ನು ಕಣೇ ಇದು. ನೀನೇನು ಮಹಾ ಭಾರ? ಕೂತ್ಕೋ ಸುಮ್ನೆ."

ಕೂತಳು. ಬಿಳಿ ಶೂ ಹಾಕಿದ ಇಬ್ಬರು ನಮ್ಮನ್ನು ನೋಡಿ ನಿಂತರು. ಆಂಟಿ, ಆರ್ ಯು ಓಕೆ ಅಂದಳು ಒಬ್ಬಳು. ಮೇಲೆ ಕೂತವಳು ಮೆಲ್ಲಗೆ ನಗಲು ಶುರು ಮಾಡಿದಳು. ಆ ನಗು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ನನಗೂ ನಗು ಬಂತು. ಆಮೇಲೆ ಅವಳು ಬಲಗೈಯನ್ನು ಮರಕ್ಕೆ ಊರಿ ತಾನೇ ಎದ್ದಳು.

ಗೇಟಿಗೆ ಬಂದಾಗ ಅವಳ ಬಾಯಲ್ಲಿ ವಿಶಲ್ಲು ಇತ್ತು. ಊದಲು ಉಸಿರು ಇರಲಿಲ್ಲ, ಆದರೂ ಊದಿದಳು. ಅಣ್ಣ ಅವಳ ಕಾಲು ನೋಡಿದ. ಆಮೇಲೆ ನನ್ನ ಅಂಗೈಗೆ ಅಂಟಿದ್ದ ಸರ್ವೆ ಎಲೆ ನೋಡಿದ. ಅವತ್ತು ಸಂಜೆಯ ರೈಲಿಗೆ ಒಬ್ಬನೇ ಹೋದ. ಗಾರ್ಡು ಸ್ಟೂಲನ್ನು ಒರೆಸಿ ಕೊಟ್ಟ. ಅದಾದ ಮೇಲೆ ಆ ಸ್ಟೂಲಿನ ತಂಟೆಗೆ ಯಾರೂ ಬರಲಿಲ್ಲ.

ಇನ್ನೂ ನಾಲ್ಕು ವರ್ಷ ಅವಳು ನಮ್ಮ ಮಹಡಿಯಲ್ಲೇ ಬದುಕಿದಳು. ಒಂದು ಬೆಳಿಗ್ಗೆ ನಾನು ಸ್ಟೂಲು ಹಿಡಿದು ಕೆಳಗೆ ಕಾಯುತ್ತಿದ್ದೆ, ಅವಳು ಇಳಿಯಲಿಲ್ಲ. ಮೇಲೆ ಹೋಗಿ ನೋಡಿದೆ. ಕಿಟಕಿ ಪಕ್ಕದ ಮಂಚಕ್ಕೆ ಒರಗಿದ್ದಳು. ಒಂದು ಕಾಲಿಗೆ ಶೂ ಹಾಕಿದ್ದಳು, ಇನ್ನೊಂದು ಶೂ ಕೈಯಲ್ಲಿತ್ತು... ಮೂಲೆಯಲ್ಲಿ ಸಾಯಲಿಲ್ಲ. ಅಷ್ಟು ಸಾಕು. ನಾನು ಆಮೇಲೆ ತೋಪಿಗೆ ಹೋಗಲಿಲ್ಲ. ಸ್ಟೂಲು ಹೊತ್ತುಕೊಂಡು ಯಾರ ಹಿಂದೆ ಹೋಗಲಿ?

ಈಗ ನನ್ನ ಮಂಡಿ ಹೋಗಿದೆ. ಡಾಕ್ಟರು ನಡೀರಿ ಅನ್ನುತ್ತಾರೆ. ಸೊಸೆ, "ಬಿದ್ದು ಗಿದ್ದು ಮಾಡ್ಕೊಂಡೀರ ಅತ್ತೆ, ಟಿವಿ ಹಾಕ್ಕೊಡ್ತೀನಿ, ಒಂದ್ಕಡೆ ಕೂತಿರಿ" ಅನ್ನುತ್ತಾಳೆ. ಅವಳೂ ಒಳ್ಳೆಯವಳೇ. ಸ್ಟೂಲು ಸಿಕ್ಕ ದಿನವೇ ಗುಜರಿಯವನು ಬಂದ. ತೂತು ಬಿದ್ದ ಬಕೆಟ್ಟು, ಮುರಿದ ಫ್ಯಾನು ಎಲ್ಲ ಕೊಟ್ಟೆ. ಸ್ಟೂಲು ಕೊಡಲಿಲ್ಲ. ಅದರ ಮೇಲೆ ಸಂಜೆಯವರೆಗೂ ಕೂತಿದ್ದೆ. ಹೋದವಳು ಹೋದಳು, ಬರುವುದಿಲ್ಲ. ಈಗ ನನ್ನ ಹಿಂದೆ ಸ್ಟೂಲು ಹಿಡಿಯುವವರೂ ಇಲ್ಲ. ನನ್ನದು ನಾನೇ ಹಿಡಿಯಬೇಕು.

ಮಾರನೇ ದಿನ ಬೆಳಿಗ್ಗೆ ಸ್ಟೂಲು ಎತ್ತಿಕೊಂಡು ತೋಪಿಗೆ ಹೋದೆ. ಗಾರ್ಡು ಹೊಸಬ, ಬೋರ್ಡೂ ಹೊಸದು, ಉದ್ದಕ್ಕೆ ಬರೆದಿದ್ದರು.

"ಅಜ್ಜಿ, ಸ್ಟೂಲೆಲ್ಲ ಅಲೋ ಇಲ್ಲ. ಬೋರ್ಡ್ ಓದಿ" ಅಂದ.

"ಓದ್ತೀನಿ ಕಣಪ್ಪ. ನಾನು ಅಕ್ಷರ ಕೂಡಿಸ್ಕೊಂಡು ಓದೋಳು, ಹೊತ್ತಾಗುತ್ತೆ. ನಿಂತ್ಕೊಂಡು ಆಗಲ್ಲ" ಅಂದೆ.

ಗೇಟಿನ ನಟ್ಟನಡುವೆ ಸ್ಟೂಲು ಹಾಕಿ ಕೂತು, ಗಟ್ಟಿಯಾಗಿ ಓದಲು ಶುರು ಮಾಡಿದೆ. ಹಿಂದೆ ಬಿಳಿ ಶೂಗಳ ಸಾಲು ನಿಂತಿತು. ಬೋರ್ಡಿನ ಎರಡನೇ ಸಾಲಿನ ಅರ್ಧಕ್ಕೆ ಬಂದಿದ್ದೆ, ಗಾರ್ಡು ಕೈ ಮುಗಿದ.

"ಸಾಕಜ್ಜಿ. ತಗೊಂಡೇ ಹೋಗು."

ತಗೊಂಡೇ ಹೋದೆ.