ಸಾಹೇಬರು ಬರುತ್ತಾರೆಂದು ಹಳ್ಳ ಮುಚ್ಚಿದ್ದು

ನಮ್ಮೂರಿನ ಗಂಡಸರಿಗೆ ಒಂದು ಅಭ್ಯಾಸವಿದೆ. ಊರಿಗೆ ದೊಡ್ಡವರು ಯಾರಾದರೂ ಬರುತ್ತಾರೆಂದರೆ ಸಾಕು, ಬಾಳೆಕಂದು ಕಟ್ಟಿ, ಚರಂಡಿಯ ಮೇಲೆ ಚಪ್ಪಡಿ ಎಳೆದು, ತಿಪ್ಪೆಗೆ ತೆಂಗಿನ ಗರಿ ಮುಚ್ಚಿ, ಊರು ಇದ್ದ ಹಾಗೆ ಕಾಣದಂತೆ ಮಾಡಿಬಿಡುತ್ತಾರೆ. ಅದನ್ನು ಮರ್ಯಾದೆ ಎನ್ನುತ್ತಾರೆ. ಆ ಮರ್ಯಾದೆಯಿಂದ ನನ್ನ ತಲೆ ಎಷ್ಟು ಕೆಟ್ಟಿತು ಎಂದು ನಿಮಗೆ ಹೇಳಬೇಕು ಮಕ್ಕಳೇ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕೂಟಗಲ್ ಹೋಬಳಿ. ಕಂದಾಯ ಕಟ್ಟುವುದು ರಾಮನಗರಕ್ಕೆ, ವೋಟು ಮಾಗಡಿ ಕ್ಷೇತ್ರಕ್ಕೆ. ಯಾವ ಕೆಲಸಕ್ಕೆ ಹೋದರೂ "ಅಲ್ಲಿ ಕೇಳಿ" ಎನ್ನುವವರೇ. ನಮ್ಮ ಮನೆಗಳು ಹಳ್ಳದ ಈಚೆ. ಸ್ಕೂಲು, ಡೈರಿ, ಬಸ್ಸು ನಿಲ್ಲುವ ಅರಳಿಕಟ್ಟೆ ಎಲ್ಲ ಆಚೆ. ಬೇಸಿಗೆಯಲ್ಲಿ ಆ ಹಳ್ಳ ಬರೀ ಮರಳು, ಗುಂಡುಕಲ್ಲು. ಮೇಲಿನ ಹೊಲಗಳ ಕಡೆ ಜೋರು ಮಳೆ ಬಿದ್ದರೆ, ನಮ್ಮ ತಲೆಯ ಮೇಲೆ ಒಂದು ಹನಿ ಬೀಳದಿದ್ದರೂ ಕೆಂಪು ನೀರು ಸೊಂಟದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಡೈರಿಗೆ ಹಾಕಬೇಕಾದ ಹಾಲು ಮನೆಗೆ ವಾಪಸು ಬಂದರೆ ಹೆಪ್ಪು ಹಾಕಬಹುದು. ಮಕ್ಕಳನ್ನು ಏನು ಮಾಡುವುದು?

ನಿಮ್ಮ ತಾತ ಇದ್ದಾಗ ಹೆಗಲ ಮೇಲೆ ಹೊತ್ತು ದಾಟಿಸುತ್ತಿದ್ದರು. ಅವರು ಹೋದ ಮೇಲೆ ಕೈ ಹಿಡಿದು ದಾಟಿಸುವ ಕೆಲಸ ನನಗೆ ಬಂತು. ಚಿಕ್ಕವಳೇ, ನಿನಗೆ ನೆನಪಿದೆಯೋ ಇಲ್ಲವೋ. ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ನನ್ನ ಕೈಯಿಂದ ಜಾರಿದೆ. ಹೊಂಗೆ ಮರದ ಬೇರಿಗೆ ಸಿಕ್ಕಿಕೊಂಡೆ, ಉಳಿದೆ. ಬ್ಯಾಗು ಹೋಯಿತು. ನಿನ್ನಮ್ಮ ಅವತ್ತೇ ಹೇಳಿದಳು, "ಅತ್ತೆ, ಸೇತುವೆ ಆಗೋಗಂಟ ಮಳೆಗಾಲದಲ್ಲಿ ಇವ್ಳ ಸ್ಕೂಲಿಗೆ ಕಳ್ಸಕಿಲ್ಲ." ನಮ್ಮ ಕಡೆ ಮಳೆಗಾಲವೆಂದರೆ ಸ್ಕೂಲು ಶುರುವಾದ ದಿನದಿಂದ ದೀಪಾವಳಿಯವರೆಗೆ. ಅಷ್ಟು ದಿನ ಮನೆಯಲ್ಲಿ ಕೂತ ಹುಡುಗಿ ಮತ್ತೆ ಸ್ಕೂಲಿಗೆ ಹೋಗುವುದುಂಟೇ? ನನ್ನ ಓದು ಏಳಕ್ಕೆ ನಿಂತಿತ್ತು. ಇವಳದು ಮೂರಕ್ಕೇ ನಿಲ್ಲುತ್ತದೆಯೇ?

ನನ್ನ ಭಾವ, ಅಂದರೆ ನಿಮ್ಮ ದೊಡ್ಡತಾತ, ಆಗ ಪಂಚಾಯ್ತಿ ಮೆಂಬರು. ಅವರ ಎದುರು ನಾನು ಮದುವೆಯಾಗಿ ಬಂದಾಗಿನಿಂದ ತಲೆಯೆತ್ತಿ ಮಾತಾಡಿದವಳಲ್ಲ. ನಿಮ್ಮಪ್ಪನ ಕೈಯಲ್ಲಿ ಹೇಳಿಸಿದೆ. ಭಾವ ಓಡಾಡಿ ಶಾಸಕರನ್ನು ಕಂಡರು. ಶಾಸಕರು ಒಳ್ಳೆಯ ಮಾತಿನಲ್ಲೇ, "ನಾನೇ ಬಂದು ಹಳ್ಳ ನೋಡುತ್ತೇನೆ" ಎಂದರಂತೆ.

ಸರಿ, ಶುರುವಾಯಿತು ಮರ್ಯಾದೆ. ಹಿಂದಿನ ದಿನವಿಡೀ ಟ್ರ್ಯಾಕ್ಟರಿನಲ್ಲಿ ಮಣ್ಣು ಹೊಡೆದರು. ಶಾಸಕರ ಕಾರಿಗೆ ತಳ ಬಡಿಯಬಾರದೆಂದು ಗುಂಡಿಗಳನ್ನೆಲ್ಲ ಮುಚ್ಚಿ, ನೀರು ಚಿಮುಕಿಸಿ, ಹಲಗೆಯಲ್ಲಿ ತಟ್ಟಿ ಸಮ ಮಾಡಿದರು. ಎರಡು ಕಡೆಯೂ ಮಾವಿನ ತೋರಣ. ಹೆಂಗಸರು ರಂಗೋಲಿ ಬಿಟ್ಟರು. ನಾನೂ ಒಂದು ಎಳೆ ಎಳೆದೆ. ಮರುದಿನ ಕಾರು ಬಂತು, ಹಳ್ಳವನ್ನು ಹಳ್ಳವೆಂದೇ ತಿಳಿಯದೆ ದಾಟಿ, ನಮ್ಮ ಬೀದಿಯಲ್ಲಿ ನಿಂತಿತು. ಶಾಸಕರು ಇಳಿದು ಸುತ್ತ ನೋಡಿ, "ಎಲ್ರೀ ಹಳ್ಳ?" ಎಂದರು.

"ಈಗ ದಾಟ್ಕಂಡ್ ಬಂದ್ರಲ್ಲ ಸ್ವಾಮಿ, ಅದೇಯ!" ಎಂದರು ಭಾವ, ಮುಖದ ತುಂಬ ನಗು.

"ಪರವಾಗಿಲ್ವಲ್ಲ, ದಾರಿ ಚೆನ್ನಾಗೇ ಇದೆ. ಇದಕ್ಕಿಂತ ಅರ್ಜೆಂಟಿನವು ಬಹಳ ಇದಾವೆ. ಅವು ಮುಗೀಲಿ, ಇದನ್ನೂ ನೋಡೋಣ."

ಹಾರ ಹಾಕಿ ಕಳಿಸಿದರು. ಮುಂದಿನ ಜೋರು ಮಳೆಗೆ ಆ ಮಣ್ಣು ಪೂರ್ತಿ ಕೊಚ್ಚಿಕೊಂಡು ಹೋಯಿತು. ಮಳೆಗಾಲ ಮುಗಿಯುವವರೆಗೆ ನೀನು ಮನೆಯಲ್ಲಿ ಕೂತೆ.

ಆಮೇಲೆ ಎಂಜಿನಿಯರು ಅಳತೆಗೆ ಬರುತ್ತಾರೆಂದು ತಿಳಿಯಿತು. ನಂಬುತ್ತೀರೋ ಇಲ್ಲವೋ, ಮತ್ತೆ ಮಣ್ಣು ಹೊಡೆದರು. "ಜೀಪು ಸಿಕ್ಕಾಕ್ಕಂಡ್ರೆ ಊರಿನ ಮಾನ ಏನಾಯ್ತದೆ?" ಅಂತ. ಎಂಜಿನಿಯರು ಜೀಪಿನಿಂದ ಇಳಿಯಲೂ ಇಲ್ಲ. "ಒಂದು ಪೈಪು ಹಾಕಿದ್ರೆ ಸಾಕಾಗತ್ತೆ" ಎಂದು ಹೊರಟುಹೋದರು. ಆ ಪೈಪೂ ಬರಲಿಲ್ಲ.

ಇದಾದ ಮೇಲೆ ಒಂದು ಮಾರ್ಚಿನಲ್ಲಿ ನಮ್ಮ ಮಹಿಳಾ ಸಂಘದವರನ್ನು ವಿಧಾನಸೌಧ ತೋರಿಸಲು ಕರೆದುಕೊಂಡು ಹೋದರು. ಮೆಟ್ಟಿಲು ಹತ್ತುವಾಗ ಚಪ್ಪಲಿ ಬಿಡಬೇಕೇನೋ ಎಂದು ಕೈಗೆತ್ತಿಕೊಂಡಿದ್ದೆ. ಯಾರೂ ಬಿಡಲಿಲ್ಲ, ಮತ್ತೆ ಮೆಟ್ಟಿಕೊಂಡೆ. ಮೇಲಿನ ಗ್ಯಾಲರಿಯಲ್ಲಿ ಕೂರಿಸಿದರು. ಕೆಳಗೆ ವಿಧಾನಸಭೆ ನಡೆಯುತ್ತಿತ್ತು. ಊಟದ ಮೇಲಿನ ಹೊತ್ತು, ಬಹಳ ಕುರ್ಚಿಗಳು ಖಾಲಿ. ಒಬ್ಬರು ಎದ್ದು ತಮ್ಮ ಕಡೆಯ ರಸ್ತೆಯ ಬಗ್ಗೆ ಕೂಗಾಡಿದರು, ಇನ್ನೊಬ್ಬರು ಅವರ ಮೇಲೆ ಕೂಗಾಡಿದರು. ಆಮೇಲೆ ಸಭಾಧ್ಯಕ್ಷರು ಏನನ್ನೋ ಓದಿ, ಪರವಾಗಿರುವವರು ಹೌದು ಎನ್ನಿ ಎಂದರು. ಅಲ್ಲಲ್ಲಿಂದ "ಹೌದು, ಹೌದು" ಎಂಬ ದನಿ ಬಂತು. ಮುಗಿಯಿತು.

ಪಕ್ಕದಲ್ಲಿ ನಿಂತಿದ್ದ ಕಾವಲಿನ ಹೆಣ್ಣುಮಗಳನ್ನು ಮೆಲ್ಲಗೆ ಕೇಳಿದೆ, "ಈಗೇನಾಯ್ತವ್ವ?"

"ರಸ್ತೆ, ಸೇತುವೆ ಇಲಾಖೆ ದುಡ್ಡು ಪಾಸಾಯ್ತು ಅಜ್ಜಿ. ಇಡೀ ರಾಜ್ಯದ್ದು."

"ನಮ್ಮ ಹಳ್ಳದ್ದೂ ಪಾಸಾಯ್ತಾ?"

ಅವಳಿಗೆ ನಗು ತಡೆಯಲಿಲ್ಲ. "ನಿಮ್ಮೂರಿಂದ ಬರ್ಕಂಡು ಬಂದಿದ್ರೆ ಆಯ್ತು. ಇಲ್ಲಾಂದ್ರೆ ಇಲ್ಲ ಅಜ್ಜಿ."

ಸಂಜೆ ನಿಮ್ಮಪ್ಪ ಬಿಡಿಸಿ ಹೇಳಿದ. ಕೆಳಗೆ ಎಂಜಿನಿಯರು ಅಂದಾಜು ಬರೆಯಬೇಕು, ಅದು ಮೇಲೆ ಹೋಗಿ ಬಜೆಟ್ಟಿನ ಕಾಮಗಾರಿಗಳಲ್ಲಿ ಸೇರಬೇಕು, ಸಭೆ ಹೌದು ಎನ್ನಬೇಕು, ಆಮೇಲೆ ಹಣಕಾಸಿನವರು ಒಪ್ಪಬೇಕು, ಕೊನೆಗೆ ಟೆಂಡರು. ಅವತ್ತು ನನಗೆ ನಿದ್ದೆ ಹತ್ತಲಿಲ್ಲ. ಮೇಲೆ ಕೂತು ಹೌದು ಎನ್ನುವವರಿಗೆ ನಮ್ಮ ಹಳ್ಳ ಕಾಣುವುದಿಲ್ಲ. ಕೆಳಗೆ ಬಂದು ಕಂಡುಹೋದವರ ಮಾತಿಗೇ ಅವರು ಹೌದು ಎನ್ನಬೇಕು. ಕಾಣಲು ಬಂದವರಿಗೆ ನಾವೇ ಎರಡು ಸಲ ಮಣ್ಣು ಮುಚ್ಚಿ ತೋರಿಸಿದ್ದೇವೆ! ಯಾರನ್ನು ಬಯ್ಯುವುದು?

ಮತ್ತೆ ಅರ್ಜಿ, ಮತ್ತೆ ಓಡಾಟ. ಮುಂದಿನ ಆಷಾಢದಲ್ಲಿ ಹೊಸ ಎಂಜಿನಿಯರು ಬರುತ್ತಾರೆಂದು ಸುದ್ದಿ ಬಂತು. ಅವತ್ತು ಬೆಳಿಗ್ಗೆ ನಾನು ಹಾಲಿನ ಕ್ಯಾನು ಹಿಡಿದು ಹಳ್ಳಕ್ಕೆ ಬಂದರೆ, ದಡದಲ್ಲಿ ಟ್ರ್ಯಾಕ್ಟರು, ಅದರ ತುಂಬ ಮಣ್ಣು. ಭಾವ ಪಂಚೆ ಎತ್ತಿಕಟ್ಟಿ ಹಿಂದಕ್ಕೆ ತಗೊ, ಮುಂದಕ್ಕೆ ತಗೊ ಎನ್ನುತ್ತಿದ್ದರು. ನೀರು ಮೊಣಕಾಲುದ್ದ ಹರಿಯುತ್ತಿತ್ತು. ನನಗೆ ಏನಾಯಿತೋ, ಇಳಿದುಹೋಗಿ ದಾರಿಯ ನಡುವಿನ ಗುಂಡುಕಲ್ಲಿನ ಮೇಲೆ ಕೂತುಬಿಟ್ಟೆ. ಕ್ಯಾನು ತೊಡೆಯ ಮೇಲೆ.

"ಏನವ್ವ, ಡೈರಿ ಇಲ್ಲೇ ತೆಗದ್ಯಾ?" ಎಂದ ಟ್ರ್ಯಾಕ್ಟರಿನವನು. ಎಲ್ಲರೂ ನಕ್ಕರು.

"ಎದ್ದೇಳವ್ವ, ಹೊತ್ತಾಯ್ತದೆ. ಜೀಪು ಬಂದ್ಬುಡ್ತದೆ," ಎಂದರು ಭಾವ.

ನಾನು ನೀರನ್ನೇ ನೋಡುತ್ತ ಹೇಳಿದೆ, "ಮುಚ್ಬ್ಯಾಡಿ ಬಾವ. ಹಳ್ಳ ಹಳ್ಳದಂಗೇ ಇರ್ಲಿ."

"ಬರೋರು ಬಟ್ಟೆ ನೆನಸ್ಕಂಡು ಬರ್ಬೇಕಾ? ನಾಕೂರೋರು ನಗಾಡ್ತಾರೆ!"

"ನಗಾಡ್ಲಿ. ಹೆಣ್ಮಗ ದಿನಾ ನೆನಸ್ಕಂಡು ಹೋಗ್ತಿರ್ಲಿಲ್ವಾ?"

ಅಷ್ಟೇ ನಾನು ಹೇಳಿದ್ದು. ಕ್ಯಾನನ್ನು ತಬ್ಬಿಕೊಂಡು ಅಲ್ಲೇ ಕೂತೆ. ಯಾರೋ ಹಿಂದಿನಿಂದ, "ಬುಡಣ್ಣ, ಎಂಗಸಿನ ಮ್ಯಾಲೆ ಮಣ್ಣು ಸುರೀತೀಯಾ?" ಎಂದರು. ಅಷ್ಟರಲ್ಲಿ ಆಚೆ ದಡದಲ್ಲಿ ಜೀಪಿನ ಸದ್ದು.

ಬಂದವರು ಹೆಣ್ಣುಮಗಳು, ನನ್ನ ಮಗಳ ವಯಸ್ಸು. ಜೀಪು ಇಳಿಯಲಾರದೆ ಅಲ್ಲೇ ನಿಂತಿತು. ಆಕೆ ಪ್ಯಾಂಟು ಮಡಚಿ ನೀರಿಗಿಳಿದು, ನಡುವೆ ಜಾರಿ, ನನ್ನ ಹೆಗಲನ್ನೇ ಹಿಡಿದುಕೊಂಡು ನಿಂತರು. ಭಾವ ಅವಮಾನದಿಂದ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

"ಇದೇನ್ರೀ ಇದು! ನೀರು ಜಾಸ್ತಿ ಬಂದಾಗ ಮಕ್ಕಳು ಹೆಂಗ್ರೀ ದಾಟ್ತಾರೆ?"

ಆಕೆಯ ಕೈ ಇನ್ನೂ ನನ್ನ ಹೆಗಲ ಮೇಲೇ ಇತ್ತು. ನಾನೇ ಹೇಳಬೇಕಾಯಿತು. "ದಾಟಕಿಲ್ಲ ಕಣವ್ವ, ಮನೇಲಿ ಇರ್ತವೆ. ನಿಮ್ಮೋರು ಬಂದಾಗ ಎಲ್ಡು ಸತಿ ಮುಚ್ಚಿ ತೋರ್ಸಿದ್ವಿ. ಈ ಸತಿ ಹಳ್ಳ ತೋರುಸ್ತಾ ಇದೀವಿ."

ಆಕೆ ಭಾವನನ್ನು ನೋಡಿದರು, ಮಣ್ಣು ತುಂಬಿದ ಟ್ರ್ಯಾಕ್ಟರನ್ನು ನೋಡಿದರು, ಅಳತೆಯ ಟೇಪು ಬಿಚ್ಚಿದರು.

ಇನ್ನು ಸೇತುವೆ ಬಂದೇಬಿಟ್ಟಿತು ಎಂದುಕೊಂಡೆ. ನನ್ನ ದಡ್ಡತನ. ಆ ಮಾರ್ಚಿನ ಬಜೆಟ್ಟಿನಲ್ಲಿ ನಮ್ಮ ಹಳ್ಳ ಇರಲಿಲ್ಲ. ಮಳೆಗಾಲದ ಅಧಿವೇಶನದಲ್ಲಿ ಪೂರಕ ಬಜೆಟ್ಟು ಎಂದು ಒಂದು ಬರುತ್ತದಂತೆ, ಮೊದಲು ಬಿಟ್ಟುಹೋದವರಿಗೆ ಎರಡನೇ ಪಂಕ್ತಿಯ ಊಟದ ಹಾಗೆ. ಅದರಲ್ಲಿ ಸೇರಿತು. ಆಮೇಲೆ ಹಣಕಾಸಿನವರು ಯಾವುದೋ ಪ್ರಶ್ನೆ ಕೇಳಿ ವಾಪಸು ಕಳಿಸಿದರು. ಅದು ಸರಿಹೋಗುವಷ್ಟರಲ್ಲಿ ಚುನಾವಣೆ, ನೀತಿ ಸಂಹಿತೆ. ಟೆಂಡರು ಕರೆದರೆ ಯಾರೂ ಹಾಕಲಿಲ್ಲ; ಮತ್ತೆ ಕರೆದರು. ಅಷ್ಟರಲ್ಲಿ ನಮ್ಮ ಜಿಲ್ಲೆಯ ಹೆಸರೇ ಬದಲಾಯಿತು, ಬೋರ್ಡುಗಳು ಹೊಸದಾದವು, ಹಳ್ಳ ಮಾತ್ರ ಹಳೆಯದೇ. ಅಂತೂ ಗುದ್ದಲಿ ಪೂಜೆ ಆಯಿತು, ಕಂಬ ಎದ್ದಿತು, ಮೇಲೆ ಕಾಂಕ್ರೀಟೂ ಬಿತ್ತು. ಕೆಲಸದವರು ಹಲಗೆ ಬಿಚ್ಚಿಕೊಂಡು ಲಾರಿ ಹತ್ತಿ ಹೋದರು.

ಹೋಗಿ ನೋಡಿದರೆ ಸೇತುವೆ ಹಳ್ಳದ ನಡುವೆ ಮಂಚ ಹಾಕಿದ ಹಾಗೆ ನಿಂತಿದೆ. ಎರಡು ಕಡೆಯೂ ಹತ್ತಲು ದಾರಿಯಿಲ್ಲ. ಆಳೆತ್ತರದ ಗೋಡೆ, ಅದರ ಮೇಲೆ ಸೇತುವೆ. ಕೇಳಿದರೆ, "ಹತ್ತುವ ಕೂಡುರಸ್ತೆ ಈ ಅಂದಾಜಿನಲ್ಲಿ ಇಲ್ಲ, ಮುಂದಿನ ಬಜೆಟ್ಟಿಗೆ ಕಳಿಸಿದ್ದೇವೆ" ಎಂದರಂತೆ. ನಾನು ಅಲ್ಲೇ ಕೂತು ನಕ್ಕೆನೋ ಅತ್ತೆನೋ ತಿಳಿಯದು.

ಈ ಸಲ ನಾನೇ ಭಾವನ ಜಗಲಿಗೆ ಹೋದೆ. ಕಂಬದ ಮರೆಯಲ್ಲಿ ನಿಂತು, "ಬಾವ, ಎಲ್ಡು ಕಡೆಗೂ ಒಸಿ ಮಣ್ಣು ಹೊಡಸ್ಬುಡಿ, ಹೆಣ್ಮಗ ಸ್ಕೂಲಿಗೆ ಹೋಗ್ಲಿ" ಎಂದೆ.

ಭಾವ ಎಲೆ ಅಡಿಕೆ ಜಗಿಯುತ್ತ ನನ್ನನ್ನೇ ನೋಡಿದರು. "ನೀನೇ ಹೇಳ್ದಲ್ಲವ್ವ, ಮುಚ್ಬಾರ್ದು ಅಂತ! ಈಗ ನಾವೇ ಮಣ್ಣಾಕ್ಬುಟ್ರೆ, ದಾರಿ ಐತಲ್ಲ ಅಂತ ಬಜೆಟ್ನಲ್ಲಿ ಬುಟ್ಬುಡ್ತಾರೆ. ಇರ್ಲಿ, ಬಂದು ನೋಡ್ಲಿ. ಹಳ್ಳ ಹಳ್ಳದಂಗೇ ಇರ್ಲಿ."

ನನ್ನ ಮಾತನ್ನೇ ನನ್ನ ಬಾಯಿಗೆ ತುರುಕಿ ಕಳಿಸಿದರು. ಇಷ್ಟು ವರ್ಷ ಕಲಿಯದವರು ಕಲಿತರು, ಅದೂ ಬೇಡದ ಹೊತ್ತಿನಲ್ಲಿ.

ಮರುದಿನದಿಂದ ಡೈರಿಗೆ ಹಾಲು ಹಾಕಿ ಬರುವಾಗ ಒಂದು ಮಂಕರಿ ಮಣ್ಣು ಹೊತ್ತು ತಂದು ಗೋಡೆಯ ಬುಡಕ್ಕೆ ಸುರಿಯತೊಡಗಿದೆ. ನಿನ್ನಮ್ಮ ನಾಲ್ಕು ದಿನ ಗೊಣಗಿ, ಐದನೆಯ ದಿನ ತಾನೂ ಒಂದು ಮಂಕರಿ ಹಿಡಿದಳು. ಭಾವ ಜಗಲಿಯಿಂದ ನೋಡುತ್ತಿದ್ದರು. ಒಂದು ಬೆಳಿಗ್ಗೆ ಟ್ರ್ಯಾಕ್ಟರಿನ ಸದ್ದು ಕೇಳಿತು. ಭಾವ ಊರವರನ್ನು ಕೂಡಿಸಿಕೊಂಡು ಬಂದು, ಸೇತುವೆಯ ಎರಡೂ ಕಡೆ ಮಣ್ಣು ಸುರಿದು, ಹಲಗೆಯಲ್ಲಿ ತಟ್ಟಿ, ಶಾಸಕರಿಗೆ ಮಾಡಿದಷ್ಟೇ ಚೆಂದಾಗಿ ಸಮ ಮಾಡಿದರು. ತೋರಣವೊಂದು ಇರಲಿಲ್ಲ. ಮಳೆ ಬಿದ್ದಾಗ ಒಂದಷ್ಟು ಕೊಚ್ಚಿಹೋಗುತ್ತದೆ, ಮತ್ತೆ ಹಾಕುತ್ತಾರೆ. ಕೂಡುರಸ್ತೆ ಬಜೆಟ್ಟಿಗೆ ಇನ್ನೂ ಬಂದಿಲ್ಲ.

ಟ್ರ್ಯಾಕ್ಟರು ಬಂದ ಆ ದಿನ ಮೊದಲು ಹತ್ತಿ ಆಚೆ ಹೋದವಳು ನೀನು, ಹೊಸ ಬ್ಯಾಗು ಹಾಕಿಕೊಂಡು. ಕೆಳಗೆ ಕೆಂಪು ನೀರು ಹರಿಯುತ್ತಿತ್ತು. ನೀನು ಹಿಂದಕ್ಕೆ ತಿರುಗಿಯೂ ನೋಡಲಿಲ್ಲ. ಭಾವ ನನ್ನ ಪಕ್ಕಕ್ಕೆ ಬಂದು, ಯಾರಿಗೂ ಕೇಳದ ಹಾಗೆ ಹೇಳಿದರು, "ಯೋಚ್ನೆ ಮಾಡ್ಬ್ಯಾಡ ಕಣವ್ವ. ಎಂಜಿನಿಯರ್ರು ಬತ್ತಾರೆ ಅಂತ ಗೊತ್ತಾದ್ರೆ, ಹಿಂದಿನ್ ದಿನಾನೇ ಈ ಮಣ್ಣೆಲ್ಲಾ ತಗದ್ಬುಡ್ತೀವಿ."