ಖಾದರಸಾಬ ಬಿಟ್ಟ ಎರಡಿಂಚು

ಕುರುಗೋಡಿನ ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ಪುಕ್ಕಟೆ ಯೂನಿಫಾರ್ಮ್ ಹಂಚಲು ಶಾಮಿಯಾನ ಹಾಕಿತ್ತು, ಮೈಕಿನವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಒಳಗೆ ಏಳನೇ ತರಗತಿಯ ಕೋಣೆಯಲ್ಲಿ ಕಟಿಂಗ್ ಮಾಸ್ಟರ್ ಖಾದರಸಾಬ ಯೂನಿಫಾರ್ಮಿನ ಗಂಟು ಬಿಚ್ಚಿದ್ದ. ಹಂಚುವ ಮುಂಚೆ ಒಂದು ಯೂನಿಫಾರ್ಮ್ ಹಾಕಿಸಿ ನೋಡುವುದು ಅವನ ಪದ್ಧತಿ. ಹಾಕಿಕೊಂಡು ನಿಂತಿದ್ದ ಶಾಂಭವಿ ಎಂಬ ಹುಡುಗಿ ಪ್ಯಾಂಟನ್ನು ಸೊಂಟದ ಬಳಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಬಿಟ್ಟರೆ ಜಾರುತ್ತಿತ್ತು.

ಅವನು ಗಂಟಿನಿಂದ ಇನ್ನೊಂದು ಪ್ಯಾಂಟು ತೆಗೆದು ಟೇಪು ಹಿಡಿದ. ಮತ್ತೊಂದು. ಎಲ್ಲವೂ ಬರೆದುಕೊಂಡ ಅಳತೆಗಿಂತ ಎರಡಿಂಚು ದೊಡ್ಡವು.

ತಪ್ಪು ಎಲ್ಲಾಯಿತೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಜೀನ್ಸ್ ಬಟ್ಟೆ ವಾಷಿಂಗ್‌ಗೆ ಹೋದರೆ ಕುಗ್ಗುತ್ತದೆ, ಅದಕ್ಕೇ ಕತ್ತರಿಸುವಾಗ ಎರಡಿಂಚು ಹೆಚ್ಚು ಬಿಡಬೇಕು. ಮೂವತ್ತು ವರ್ಷ ಬಿಟ್ಟು ಬಿಟ್ಟು ಅದು ಕೈಗೇ ಅಂಟಿಕೊಂಡಿತ್ತು. ಯೂನಿಫಾರ್ಮ್ ಬಟ್ಟೆ ಕುಗ್ಗುವುದಿಲ್ಲ. ಹಿಂದೆಲ್ಲ ಜೀನ್ಸ್ ಕೆಲಸ ನಿಲ್ಲಿಸಿ ಒಂದು ಭಾನುವಾರ ಪೂರ್ತಿ ಯೂನಿಫಾರ್ಮನ್ನೇ ಕತ್ತರಿಸುತ್ತಿದ್ದ. ಬಳ್ಳಾರಿಯ ಬ್ರೂಸ್‌ಪೇಟೆಯ ಓಣಿಯಲ್ಲಿ ಎರಡು ಹೊಲಿಗೆ ಮಿಷನ್ನಿನಿಂದ ಶುರುವಾದ ಜೀನ್ಸ್ ಕಂಪನಿಗೆ ಈಗ ಮುನ್ನೂರು ಮಿಷನ್ನು, ಭಾನುವಾರಕ್ಕೆ ಪುರಸೊತ್ತೆಲ್ಲಿ? ಈ ಸಲ ಜೀನ್ಸ್ ನಡುವೆಯೇ ತುರುಕಿ ಕತ್ತರಿಸಿದ್ದ.

ಮಾಲೀಕ ಮೈಲಾರಲಿಂಗಪ್ಪ ಇದೇ ಶಾಲೆಯಲ್ಲಿ ಅಣ್ಣನ ಹಳೇ ಚಡ್ಡಿ ಜಾರದಂತೆ ಸೊಂಟದ ಬಳಿ ಹಿಡಿದುಕೊಂಡು ಓದಿದವನು. ವರ್ಷವರ್ಷವೂ ಇಲ್ಲಿ ಹಂಚುವ ಯೂನಿಫಾರ್ಮನ್ನು ಪ್ರತಿ ಮಗುವಿನ ಅಳತೆ ತೆಗೆದೇ ಹೊಲಿಯಬೇಕೆಂಬುದು ಅವನ ಹಟ. ಆ ಕೆಲಸವನ್ನು ಖಾದರಸಾಬನಲ್ಲದೆ ಬೇರೆ ಯಾರಿಗೂ ವಹಿಸಿದವನಲ್ಲ.

ಮಾಲೀಕನ ಮಗ ಹುಲಿಗೇಶ್ ಒಳಬಂದು ನೋಡಿದ. ಕಂಪನಿ ಈಗ ಅವನ ಕೈಯಲ್ಲಿ.

"ಮಾಸ್ಟರ್, ಸುಮ್ನಿರ್ರಿ. ಬೆಳೆಯೋ ಹುಡುಗ್ರು, ವರ್ಷದಾಗ ಸರಿ ಆಕ್ಕತಿ. ಸಾಹೇಬ್ರು, ಫೋಟೋದೋರು ಎಲ್ಲಾ ಬಂದಾರ. ಅಪ್ಪಗ ಹೇಳಬ್ಯಾಡ್ರಿ."

ಉಪಾಯ ಚೆನ್ನಾಗೇ ಇತ್ತು. ಬಾಯಿ ಮುಚ್ಚಿಕೊಂಡರೆ ಮರ್ಯಾದೆಯೂ ಉಳಿಯುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ಅರವತ್ತರ ಹತ್ತಿರದ ಮಾಸ್ಟರಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಅವನು ಶಾಂಭವಿಯ ಮುಷ್ಟಿ ನೋಡಿದ. ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು.

ವೇದಿಕೆಯಲ್ಲಿ ಮೈಲಾರಲಿಂಗಪ್ಪ ಮೊದಲ ಜೊತೆ ಎತ್ತಿಕೊಂಡಾಗ ಖಾದರಸಾಬ ಮೆಟ್ಟಿಲು ಹತ್ತಿಬಿಟ್ಟಿದ್ದ.

"ಸಾವ್ಕಾರ್ರ, ಕೊಡಬ್ಯಾಡ್ರಿ! ಎಲ್ಲಾ ಸಡ್ಲ ಅದಾವು. ವಾಷಿಂಗಿಂದು ಎರಡಿಂಚು ಬಿಟ್ಟು ಕತ್ತರಿಸೀನಿ. ತಪ್ಪು ನಂದು."

ಮೈಕು ಅದನ್ನು ಇಡೀ ಊರಿಗೆ ಹೇಳಿತು. ಹುಲಿಗೇಶನ ಮುಖ ಕಪ್ಪಿಟ್ಟಿತು. ಮೈಲಾರಲಿಂಗಪ್ಪ ಪ್ಯಾಂಟನ್ನು ತಿರುವಿ ಮುರುವಿ ನೋಡಿದ.

"ಯಾರರ ಹಾಕ್ಕಂಡಾರೇನು?"

"ಒಬ್ಬಾಕಿ. ಕೈಲಿ ಹಿಡಕಂಡು ನಿಂತಾಳ್ರಿ."

ಸಾವ್ಕಾರನ ಕೈ ತಾನಾಗಿ ತನ್ನ ಸೊಂಟಕ್ಕೆ ಹೋಯಿತು.

"ಲೇ ಹುಲಿಗೇಶ, ಬಳ್ಳಾರಿಂದ ಟೆಂಪೋದಾಗ ಹತ್ತು ಮಿಷನ್ ತರಸು. ಸಾಹೇಬ್ರಿಗೆ ಊಟ ಹಾಕಿ ಕಳಿಸು. ಖಾದರ, ನೀ ಕತ್ತರಿ ತಗ. ನಾ ಹೊಲಿಗಿ ಬಿಚ್ತೀನಿ."

ಮಧ್ಯಾಹ್ನ ಮೊದಲ ಪ್ಯಾಂಟು ಸಿದ್ಧವಾಯಿತು. ಫೋಟೋದವರು ಅಷ್ಟರಲ್ಲಿ ಹೋಗಿಯಾಗಿತ್ತು. ಶಾಂಭವಿ ಹಾಕಿಕೊಂಡು, ನಂಬಿಕೆಯಿಲ್ಲದವಳಂತೆ ಮೆಲ್ಲನೆ ಮುಷ್ಟಿ ಬಿಟ್ಟಳು. ಪ್ಯಾಂಟು ನಿಂತಿತು. ಎರಡೂ ಕೈ ಬೀಸುತ್ತ ಅಂಗಳದ ತುಂಬ ಓಡಿದಳು.

ಖಾದರಸಾಬ ಎರಡನೆಯದಕ್ಕೆ ಟೇಪು ಹಿಡಿದ. ಕಣ್ಣು ಮಂಜಾಗಿ, ಅಂಕಿಯನ್ನು ಸಾವ್ಕಾರನೇ ಓದಿ ಹೇಳಬೇಕಾಯಿತು.